ಅಹ್ಮದ್ ಖಾನ್ (ಫುಟ್‌ಬಾಲ್ ಆಟಗಾರ)

ಅಹ್ಮದ್ ಖಾನ್ (ಡಿಸೆಂಬರ್ 24, 1926 – ಆಗಸ್ಟ್ 27, 2017) ಭಾರತದ ಪ್ರಸಿದ್ಧ ಫುಟ್‌ಬಾಲ್ ಆಟಗಾರರಲ್ಲಿ ಒಬ್ಬರು. ಬೆಂಗಳೂರಿನವರಾದ ಇವರು 1948 ಮತ್ತು 1952ರ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. ಎಡಭಾಗದ ಒಳ ಮುನ್ಪಡೆ ಆಟಗಾರರಾಗಿದ್ದ ಇವರು ಮಧ್ಯಮೈದಾನದಿಂದ ಆಟವನ್ನು ಕಟ್ಟುವುದರಲ್ಲಿಯೂ ನಿಪುಣರಾಗಿದ್ದರು.

ಆರಂಭಿಕ ಜೀವನ
ಅಹ್ಮದ್ ಖಾನರದು ಫುಟ್‌ಬಾಲ್ ಕುಟುಂಬ. ತಂದೆಯೂ ಸಹೋದರರೂ ಆಟಗಾರರೇ. ಬೆಂಗಳೂರಿನ ಕ್ಲಬ್‌ಗಳಲ್ಲಿ ಬರಿಗಾಲಿನಲ್ಲಿ ಆಡುತ್ತ ಬೆಳೆದ ಇವರು ಚೆಂಡಿನ ಮೇಲೆ ಅಸಾಧಾರಣ ಹಿಡಿತ ಸಾಧಿಸಿದರು. ಆ ಕೌಶಲದಿಂದಾಗಿ ಇವರನ್ನು 'ಹಾವಾಡಿಗ' ಎಂದು ಕರೆಯಲಾಗುತ್ತಿತ್ತು.

ಈಸ್ಟ್ ಬೆಂಗಾಲ್
1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ವೆಂಕಟೇಶ್, ಅಪ್ಪಾ ರಾವ್, ಧನರಾಜ್ ಹಾಗೂ ಸಾಲೆ ಅವರೊಡನೆ ಇವರಿದ್ದ ಮುನ್ಪಡೆಯು 'ಪಂಚಪಾಂಡವರು' ಎಂದು ಹೆಸರಾಯಿತು. ಕ್ಲಬ್ 1949ರಿಂದ 1951ರವರೆಗೆ ಸತತ ಮೂರು ವರ್ಷ ಐ.ಎಫ್.ಎ. ಶೀಲ್ಡ್ ಗೆದ್ದಿತು.

ಅಂತಾರಾಷ್ಟ್ರೀಯ ಕ್ರೀಡಾಜೀವನ
1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುತೇಕ ಬರಿಗಾಲಿನ ಭಾರತ ತಂಡವು ಎರಡು ಪೆನಾಲ್ಟಿ ಅವಕಾಶಗಳನ್ನು ಕಳೆದುಕೊಂಡು ಫ್ರಾನ್ಸ್‌ಗೆ 1–2ರಿಂದ ಸೋತಿತು. ಭಾರತದ ಏಕೈಕ ಗೋಲು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಅವರದು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅಹ್ಮದ್ ಖಾನ್ ಇದ್ದರು. ಮರುವರ್ಷ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ವಿರುದ್ಧ ಭಾರತ 1–10ರಿಂದ ಪರಾಭವಗೊಂಡಾಗ, ತಂಡದ ಒಂದೇ ಗೋಲನ್ನು ಕೊನೆಯ ನಿಮಿಷಗಳಲ್ಲಿ ಇವರು ಗಳಿಸಿದರು. ಈ ಸೋಲಿನ ನಂತರ ಭಾರತೀಯ ಫುಟ್‌ಬಾಲ್‌ನಲ್ಲಿ ಬೂಟು ಕಡ್ಡಾಯವಾಯಿತು. ಇವರು ಕರಗತ ಮಾಡಿಕೊಂಡಿದ್ದ ಬರಿಗಾಲಿನ ಆಟದ ಪರಂಪರೆ ಕ್ರಮೇಣ ಮರೆಯಾಯಿತು.

ನಿಧನ
ತಮ್ಮ 90ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.