ಚಕ್ರವಿದ್ಯೆಯ ಗುರು ಲೂಯಿ ಜೆರಾರ್ದಾಂ

ವಿದ್ಯೆಯನ್ನು ಗಳಿಸುವುದು ಒಂದು ಸಾಧನೆ. ಗಳಿಸಿದುದನ್ನು ಮತ್ತೊಬ್ಬರಲ್ಲಿ ಬೆಳೆಸುವುದು ಅದಕ್ಕಿಂತಲೂ ಹಿರಿದಾದ ಸಾಧನೆ. ಈ ಮಾತು ಶಾಸ್ತ್ರಕಾವ್ಯಗಳಿಗೆ ಮಾತ್ರವಲ್ಲ, ಕ್ರೀಡೆಗೂ ಸಲ್ಲುತ್ತದೆಂಬುದಕ್ಕೆ ಫ್ರಾನ್ಸ್ ದೇಶದ ಸೈಕಲ್ ಪಟು ಲೂಯಿ ಜೆರಾರ್ದಾಂ ಅವರ ಜೀವನವೇ ನಿದರ್ಶನ.

ಪ್ಯಾರಿಸ್ ನಗರಕ್ಕೆ ಹೊಂದಿಕೊಂಡ ಬೂಲೋನ್-ಬಿಯಾಂಕೂರಿನಲ್ಲಿ 1912ರಲ್ಲಿ ಜನಿಸಿದ ಅವರು, ಹದಿನೆಂಟರ ಪ್ರಾಯದಲ್ಲಿಯೇ, 1930ರಲ್ಲಿ, ಹವ್ಯಾಸಿಗಳ ಸ್ಪ್ರಿಂಟ್ ಸ್ಪರ್ಧೆಯ ವಿಶ್ವವಿಜೇತರೆನಿಸಿದರು. ಇಳಿಜಾರಾದ ದುಂಡುಪಥದಲ್ಲಿ, ಬ್ರೇಕುಗಳಿಲ್ಲದ ಸೈಕಲ್ಲುಗಳ ಮೇಲೆ ನಡೆಯುವ ಈ ಸ್ಪರ್ಧೆ ಕೇವಲ ಕಾಲ್ಬಲದ ಪರೀಕ್ಷೆಯಲ್ಲ. ಮುಂದಿರುವವನು ಗಾಳಿಯನ್ನು ಸೀಳಿ ದಣಿಯುತ್ತಾನೆ. ಹಿಂದಿರುವವನು ಶಕ್ತಿಯನ್ನು ಕಾಯ್ದುಕೊಂಡು ಎದುರಾಳಿಯ ಚಲನೆಯನ್ನು ಗಮನಿಸುತ್ತಾನೆ. ಆದುದರಿಂದ ಸ್ಪರ್ಧಿಗಳು ಒಮ್ಮೊಮ್ಮೆ ಸೈಕಲ್ಲನ್ನು ನಿಂತಲ್ಲಿಯೇ ಸ್ತಬ್ಧವಾಗಿ ನಿಲ್ಲಿಸಿ, ಪ್ರತಿಸ್ಪರ್ಧಿಯೇ ಮೊದಲು ಸಾಗಲೆಂದು ಕಾಯುವುದುಂಟು. ಗಡಿಯಾರ ಅಳೆಯುವುದು ಕಡೆಯ 200 ಮೀಟರುಗಳನ್ನು ಮಾತ್ರ.

ವೃತ್ತಿಸ್ಪರ್ಧೆಗಿಳಿದ ಮೇಲೆ ಅವರು ಸ್ವದೇಶದಲ್ಲಿ ಹಲವು ಗೆಲುವುಗಳನ್ನು ಕಂಡರೂ ವೃತ್ತಿಪರರ ವಿಶ್ವಪಟ್ಟ ಮಾತ್ರ ದಕ್ಕಲಿಲ್ಲ. 1932ರಿಂದ 1937ರವರೆಗೆ ಅದು ನಿರಂತರವಾಗಿ ಬೆಲ್ಜಿಯಂನ ಜೆಫ್ ಷೆರೆನ್ಸರ ಪಾಲಾಯಿತು. ನಡುವೆ ಮಹಾಯುದ್ಧ ಬಂದು ಹೋಯಿತು. 1947ರಲ್ಲಿ, ಮೂವತ್ತೈದರ ಹೊಸ್ತಿಲಲ್ಲಿ, ತಮ್ಮದೇ ಪ್ಯಾರಿಸ್ಸಿನಲ್ಲಿ ಜೆರಾರ್ದಾಂ ಅಂತಿಮ ಹಂತವನ್ನು ಮುಟ್ಟಿದರು. ಅಲ್ಲಿಯೂ ಅದೇ ಷೆರೆನ್ಸರಿಗೆ ಮಣಿಯಬೇಕಾಯಿತು.

ಇನ್ನೊಬ್ಬರಾಗಿದ್ದರೆ ವಿಧಿಯನ್ನು ಹಳಿಯುತ್ತ ತೆರೆಮರೆಗೆ ಸರಿಯುತ್ತಿದ್ದರೇನೋ. ಜೆರಾರ್ದಾಂ ಅವರು ತರಬೇತುದಾರರಾಗಿ ಆ ಪಥದ ಬದಿಗೇ ಮರಳಿ ಬಂದರು. ಅವರ ಗರಡಿಯಲ್ಲಿ ಪಳಗಿದ ಡೇನಿಯಲ್ ಮೊರೆಲೋನ್ ಮತ್ತು ಪಿಯರ್ ತ್ರಾಂತಾಂ 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದರು: ಸ್ಪ್ರಿಂಟ್ ಮೊರೆಲೋನರದು, ಒಂದು ಕಿಲೋಮೀಟರಿನ ಓಟ ತ್ರಾಂತಾಂ ಅವರದು, ಜೋಡಿಸೈಕಲ್ಲಿನ ಜಯ ಇಬ್ಬರದೂ. 1972ರ ಮ್ಯೂನಿಕ್ಕಿನಲ್ಲಿ ಮೊರೆಲೋನ್ ಮತ್ತೆ ಚಿನ್ನ ಪಡೆದರು. ಗುರುವಿಗೆ ಒಮ್ಮೆ ಮಾತ್ರ ಒಲಿದಿದ್ದ ಹವ್ಯಾಸಿ ವಿಶ್ವಪಟ್ಟವನ್ನು ಈ ಶಿಷ್ಯರು 1966ರಿಂದ 1975ರೊಳಗೆ ಏಳು ಬಾರಿ ಧರಿಸಿದರು. ಶಿಷ್ಯನು ತನ್ನನ್ನು ಮೀರಲೆಂದು ಗುರುವಾದವನು ಹಾರೈಸಬೇಕೆಂಬುದು ನಮ್ಮ ಹಿರಿಯರ ಆಶಯ. ಅದು ಇಲ್ಲಿ ಅಕ್ಷರಶಃ ಫಲಿಸಿತು.

1982ರಲ್ಲಿ ಜೆರಾರ್ದಾಂ ಅವರು ಕಾಲವಾದರು. ಪರಂಪರೆ ಅಲ್ಲಿಗೆ ಕಡಿಯಲಿಲ್ಲ. ಮೊರೆಲೋನ್ ತಾವೂ ತರಬೇತುದಾರರಾದರು. ಅವರ ಶಿಷ್ಯೆ ಫೆಲಿಸಿಯಾ ಬಲಾಂಜೆ ಮತ್ತು ಶಿಷ್ಯ ಫ್ಲೋರಿಯಾಂ ರೂಸೋ 1996 ಹಾಗೂ 2000ದ ಒಲಿಂಪಿಕ್ಸುಗಳಲ್ಲಿ ಚಿನ್ನದ ಪದಕಗಳಿಗೆ ಭಾಜನರಾದರು; ಮುಂದೆ ರೂಸೋ ಅವರೂ ತರಬೇತಿಯ ಹೊಣೆ ಹೊತ್ತರು. ದೀಪದಿಂದ ದೀಪ ಹೊತ್ತಿದಂತೆ ಸಾಗಿದ ಈ ವಿದ್ಯೆಯ ಸಾಲನ್ನು ನೋಡಿದಾಗ, 1947ರ ಆ ಸೋಲು ಒಂದು ಬಾಳಿನ ಕೊನೆಯಲ್ಲ, ಒಂದು ಗುರುಕುಲದ ಬೀಜವೆಂಬುದು ಮನವರಿಕೆಯಾಗುತ್ತದೆ. ಬೋಧಕವೃತ್ತಿಯಲ್ಲಿರುವವರಿಗೆಲ್ಲ ಇದಕ್ಕಿಂತ ಮಿಗಿಲಾದ ಸಮಾಧಾನ ಮತ್ತೊಂದಿರಲಾರದು.