ಸಮವಸ್ತ್ರ ಕಳಚಿಟ್ಟ ಮೇಲಿನ ನಲವತ್ತು ವರ್ಷ

ಪ್ರತಿ ವರ್ಷ ಜನವರಿ 15ರಂದು ನಮ್ಮ ದೇಶದಲ್ಲಿ ಸೇನಾ ದಿನವನ್ನು ಆಚರಿಸಲಾಗುತ್ತದೆ. ಅಂದು ಶಾಲೆಗಳಲ್ಲಿ ಮಕ್ಕಳಿಗೆ ತಪ್ಪದೆ ಹೇಳುವ ಸಂಗತಿಯೊಂದಿದೆ. 1949ರ ಅದೇ ದಿನ ಜನರಲ್ ಸರ್ ರಾಯ್ ಬುಚರ್ ಅವರಿಂದ ಕೊಡಗಿನ ಕಾರ್ಯಪ್ಪನವರು ಭಾರತೀಯ ಭೂಸೇನೆಯ ಅಧಿಕಾರವನ್ನು ವಹಿಸಿಕೊಂಡರು. ಆ ಪೀಠದಲ್ಲಿ ಕುಳಿತ ಮೊದಲ ಭಾರತೀಯರು ಅವರೇ. ಸಾಮಾನ್ಯವಾಗಿ ಪಾಠ ಅಲ್ಲಿಗೆ ಮುಗಿಯುತ್ತದೆ.

ಆದರೆ ಲೆಕ್ಕ ಹಾಕಿ ನೋಡಿ. ಕಾರ್ಯಪ್ಪನವರು ಆ ಪದವಿಯಲ್ಲಿದ್ದದ್ದು ನಾಲ್ಕು ವರ್ಷ. ಸೈನ್ಯದಲ್ಲಿ ದುಡಿದದ್ದು 33 ವರ್ಷ. ನಿವೃತ್ತರಾದ ಬಳಿಕ ಬದುಕಿದ್ದು 40 ವರ್ಷ. ಸಮವಸ್ತ್ರ ಕಳಚಿಟ್ಟ ಆ ನಲವತ್ತು ವರ್ಷಗಳನ್ನು ಅವರು ಹೇಗೆ ಕಳೆದರೆಂಬುದು ಯುದ್ಧದ ಕಥೆಯಷ್ಟು ರೋಮಾಂಚಕವಲ್ಲ. ಆದರೂ ಸೈನಿಕನಿರುವ ಮನೆಗಳವರಿಗೆ ಹೆಚ್ಚು ಬೇಕಾದದ್ದು ಅದೇ. ಆದುದರಿಂದ ಆ ಮಹನೀಯರ ಬಾಳನ್ನು ಆದಿಯಿಂದ ಅಂತ್ಯದವರೆಗೆ ಇಲ್ಲಿ ಸಂಗ್ರಹಿಸಿ ಹೇಳುತ್ತಿದ್ದೇನೆ.

ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಹುಟ್ಟಿದ್ದು 1899ರ ಜನವರಿ 28ರಂದು, ಉತ್ತರ ಕೊಡಗಿನ ಶನಿವಾರಸಂತೆಯಲ್ಲಿ. ತಂದೆ ಮಾದಪ್ಪನವರು ಕಂದಾಯ ಇಲಾಖೆಯಲ್ಲಿದ್ದರು. ಮನೆಯವರಿಗೆ ಈ ಹುಡುಗ ಪ್ರೀತಿಯ ಚಿಮ್ಮ. ಮನೆಮಾತು ಕೊಡವ. ಓದಿದ್ದು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ. ಅಲ್ಲಿ 1917ರಲ್ಲಿ ವಿದ್ಯಾಭ್ಯಾಸ ಮುಗಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು.

ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಭಾರತೀಯ ಸಿಪಾಯಿಗಳು ಹೋರಾಡಿದ್ದರೂ ರಾಜನ ಸನ್ನದು ಪಡೆದ ಅಧಿಕಾರಿಗಳ ಸ್ಥಾನ ಬಹುತೇಕ ಬಿಳಿಯರಿಗೇ ಮೀಸಲಾಗಿತ್ತು. ಭಾರತೀಯರಿಗೂ ಆ ಸ್ಥಾನ ಬೇಕೆಂದು ನಮ್ಮ ನಾಯಕರು ಒತ್ತಾಯಿಸಿದರು. ಅದರ ಫಲವಾಗಿ ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಆರಂಭವಾಯಿತು. ಅಲ್ಲಿಂದ 1919ರ ಡಿಸೆಂಬರಿನಲ್ಲಿ ಹೊರಬಂದ ಮೊದಲ ತಂಡದಲ್ಲಿ ಇಪ್ಪತ್ತು ವರ್ಷದ ಕಾರ್ಯಪ್ಪನವರಿದ್ದರು. ಮುಂಬಯಿಯಲ್ಲಿದ್ದ ಕರ್ನಾಟಿಕ್ ಪದಾತಿ ದಳದಲ್ಲಿ ಅವರಿಗೆ ಮೊದಲ ನೇಮಕವಾಯಿತು. ಬಳಿಕ ಮೆಸೊಪೊಟೇಮಿಯಾಕ್ಕೆ, ಎಂದರೆ ಇಂದಿನ ಇರಾಕಿಗೆ ಹೋಗಿ ಬಂದರು. ಕೊನೆಗೆ ರಜಪೂತ ರೆಜಿಮೆಂಟ್ ಅವರ ಕಾಯಂ ನೆಲೆಯಾಯಿತು.

ಈ ಅವಧಿಯ ಒಂದು ಚಿಕ್ಕ ಸಂಗತಿ ಗಡಿನಾಡಿನವರಾದ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಉತ್ತರ ಪ್ರದೇಶದ ಫತೇಗಢದಲ್ಲಿದ್ದಾಗ ಬ್ರಿಟಿಷ್ ಅಧಿಕಾರಿಯೊಬ್ಬರ ಪತ್ನಿಗೆ ಕಾರ್ಯಪ್ಪ ಎಂಬ ಹೆಸರು ನಾಲಗೆಗೆ ಹತ್ತಲಿಲ್ಲವಂತೆ. ಆಕೆ ಅವರನ್ನು ಕಿಪ್ಪರ್ ಎಂದು ಕರೆದರು. ಸೈನ್ಯದಲ್ಲಿ ಆ ಹೆಸರೇ ನಿಂತಿತು. ಪಡಿತರ ಚೀಟಿಯಲ್ಲೂ ಪಹಣಿಯಲ್ಲೂ ಅನ್ಯಭಾಷೆಯ ಗುಮಾಸ್ತರು ಬರೆದ ತಿರುಚಿದ ಹೆಸರುಗಳನ್ನು ಹೊತ್ತು ಬದುಕುವವರು ನಾವು. ಕಾರ್ಯಪ್ಪನವರು ಆ ಹೆಸರಿಗೆ ಸಿಡುಕಲಿಲ್ಲ. ಕೆಲಸದಿಂದ ಅದಕ್ಕೊಂದು ಗೌರವವನ್ನು ತಂದರು. ಮುಂದೆ ಕಾಶ್ಮೀರ ಯುದ್ಧದ ಒಂದು ಕಾರ್ಯಾಚರಣೆಗೆ ಕಿಪ್ಪರ್ ಎಂಬುದೇ ಗುಪ್ತನಾಮವಾಯಿತು.

ಅವರ ಸೈನ್ಯಜೀವನದ ಉದ್ದಕ್ಕೂ ಮೊದಲಿಗರೆಂಬ ಮಾತು ಮತ್ತೆ ಮತ್ತೆ ಬರುತ್ತದೆ. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಪ್ರವೇಶ ಪಡೆದ ಮೊದಲ ಭಾರತೀಯ ಅಧಿಕಾರಿ ಅವರು. 1942ರಲ್ಲಿ ಒಂದು ಬೆಟಾಲಿಯನ್ನಿನ ನಾಯಕತ್ವ ದೊರೆತ ಮೊದಲ ಭಾರತೀಯರೂ ಅವರೇ. ಎರಡನೆಯ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಇರಾನ್‌ಗಳಲ್ಲಿಯೂ ಅನಂತರ ಬರ್ಮಾದ ರಂಗದಲ್ಲಿಯೂ ದುಡಿದರು. 1947ರಲ್ಲಿ ಲಂಡನ್ನಿನ ಇಂಪೀರಿಯಲ್ ಡಿಫೆನ್ಸ್ ಕಾಲೇಜಿಗೆ ಹೋದರು.

ಸ್ವಾತಂತ್ರ್ಯದೊಂದಿಗೆ ವಿಭಜನೆಯೂ ಬಂತು. ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಕಂದಕದಲ್ಲಿ ಮಲಗಿದ್ದ ಸೈನ್ಯವನ್ನು ಎರಡು ಪಾಲು ಮಾಡಬೇಕಾಯಿತು. ಆ ಹಂಚಿಕೆಯ ಕೆಲಸದಲ್ಲಿ ಕಾರ್ಯಪ್ಪನವರೂ ಇದ್ದರು. ಕೆಲವೇ ತಿಂಗಳಲ್ಲಿ ಹಳೆಯ ಸಂಗಾತಿಗಳು ಕಾಶ್ಮೀರದಲ್ಲಿ ಎದುರಾಳಿಗಳಾಗಿ ನಿಂತರು. 1948ರ ಜನವರಿಯಲ್ಲಿ ಪಶ್ಚಿಮ ಭಾಗದ ಸೇನೆಯ ಹೊಣೆ ಕಾರ್ಯಪ್ಪನವರಿಗೆ ಬಂತು. ರಣರಂಗಕ್ಕೆ ಸಮೀಪವಿರಬೇಕೆಂದು ಜಮ್ಮುವಿನಲ್ಲಿ ಮುಂಚೂಣಿಯ ಕಛೇರಿಯನ್ನು ತೆರೆದರು. ಝಂಗರ್ ಮರಳಿ ಕೈವಶವಾಯಿತು. ಆ ವರ್ಷದ ನವೆಂಬರಿನಲ್ಲಿ ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಎದುರಾಳಿಗಳನ್ನು ಹಿಮ್ಮೆಟ್ಟಿಸಲಾಯಿತು. ದ್ರಾಸ್, ಕಾರ್ಗಿಲ್‌ಗಳು ವಶವಾಗಿ ಲೇಹ್‌ಗೆ ಹೋಗುವ ದಾರಿ ತೆರೆಯಿತು. ಅಲ್ಲಿ ಮುಂದೆ ನಿಂತು ಸೇನೆಯನ್ನು ನಡೆಸಿದ ತಿಮ್ಮಯ್ಯನವರೂ ಕೊಡಗಿನವರೇ ಎಂಬುದು ವಾಚಕರಿಗೆ ತಿಳಿದೇ ಇದೆ.

ಭೂಸೇನೆಯ ಮುಖ್ಯಸ್ಥರಾಗಿ ಕಾರ್ಯಪ್ಪನವರು ಮಾಡಿದ ಎರಡು ಕೆಲಸಗಳನ್ನು ನೆನೆಯಬೇಕು. ಜಾತಿ, ಪ್ರಾಂತಗಳ ಆಧಾರದ ಮೇಲೆ ಪಲ್ಟಣಗಳನ್ನು ಕಟ್ಟುವುದು ಬ್ರಿಟಿಷರ ಪದ್ಧತಿಯಾಗಿತ್ತು. 1949ರಲ್ಲಿ ರೂಪುಗೊಂಡ ಬ್ರಿಗೇಡ್ ಆಫ್ ದಿ ಗಾರ್ಡ್ಸ್‌ನಲ್ಲಿ ದೇಶದ ಎಲ್ಲ ಭಾಗದ, ಎಲ್ಲ ಮತದ ಯುವಕರಿಗೂ ಸ್ಥಾನ ದೊರೆಯಿತು. ಅದೇ ವರ್ಷ ಪ್ರಾದೇಶಿಕ ಸೇನೆಯೂ ಆರಂಭವಾಯಿತು. ಬೇರೆ ಉದ್ಯೋಗದಲ್ಲಿದ್ದುಕೊಂಡೇ ವರ್ಷಕ್ಕೆ ಕೆಲಕಾಲ ಸೈನಿಕ ಶಿಕ್ಷಣ ಪಡೆಯುವ ವ್ಯವಸ್ಥೆ ಅದು. ಸೈನ್ಯ ರಾಜಕೀಯದಿಂದ ದೂರವಿರಬೇಕೆಂದು ಅವರು ಅಧಿಕಾರಿಗಳಿಗೂ ಜವಾನರಿಗೂ ಒತ್ತಿ ಹೇಳುತ್ತಿದ್ದರು. ಅಕ್ಕಪಕ್ಕದ ಹಲವು ದೇಶಗಳಲ್ಲಿ ಸೇನಾಪತಿಗಳು ಸಿಂಹಾಸನವನ್ನೇರಿದರೂ ನಮ್ಮಲ್ಲಿ ಹಾಗಾಗದಿರುವುದಕ್ಕೆ ಆ ಆರಂಭದ ವರ್ಷಗಳ ಶಿಸ್ತೂ ಒಂದು ಕಾರಣ.

1953ರ ಜನವರಿಯಲ್ಲಿ ಅವರು ನಿವೃತ್ತರಾದರು. ಆಗ ಅವರಿಗೆ 54 ತುಂಬುತ್ತಾ ಬಂದಿತ್ತು. ಇಪ್ಪತ್ತರಿಂದ ಕಹಳೆಯ ಕರೆಗೆ ಏಳುತ್ತಿದ್ದವರಿಗೆ ಇನ್ನು ಎಬ್ಬಿಸುವವರಿರಲಿಲ್ಲ. ಕೈ ಎತ್ತಿ ವಂದಿಸುವವರ ಸಾಲೂ ಇರಲಿಲ್ಲ. ದೊಡ್ಡ ಹುದ್ದೆಯಿಂದ ಇಳಿದವರಿಗೆ ಇದು ಸಣ್ಣ ಪರೀಕ್ಷೆಯಲ್ಲ. ಸರಕಾರ ಅವರನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳಿಗೆ ಹೈಕಮಿಷನರನ್ನಾಗಿ ಕಳುಹಿಸಿತು. 1956ರಲ್ಲಿ ಆ ಕೆಲಸವೂ ಮುಗಿಯಿತು. ಅದೇ ವರ್ಷದ ನವೆಂಬರ್ 1ರಂದು ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಕಾಸರಗೋಡು ಕೇರಳಕ್ಕೆ ಸೇರಿದ್ದೂ, ಇತ್ತ ನಮ್ಮ ತಾಳವಾಡಿ ಬೆಟ್ಟಗಳು ಮದರಾಸು ರಾಜ್ಯದಲ್ಲಿಯೇ ಉಳಿದದ್ದೂ ಅದೇ ದಿನ.

ದೆಹಲಿಯಲ್ಲಿ ಮನೆ ಮಾಡಿ ಅಧಿಕಾರಸ್ಥರ ಬಳಿ ಸುಳಿದಾಡಿಕೊಂಡಿರುವುದು ಅವರಿಗೆ ಕಷ್ಟವಿರಲಿಲ್ಲ. ಆದರೆ ಅವರು ನೆಲೆ ನಿಂತದ್ದು ಮಡಿಕೇರಿಯ ರೋಷನಾರಾ ಎಂಬ ಮನೆಯಲ್ಲಿ. ಸಮಯಪಾಲನೆ, ಅಚ್ಚುಕಟ್ಟಾದ ಉಡುಪು, ಶಿಸ್ತಿನ ನಡವಳಿಕೆ ಇವುಗಳಲ್ಲಿ ಸಡಿಲಿಕೆ ಬರಲಿಲ್ಲ. ಗೃಹಜೀವನದಲ್ಲಿ ಅವರು ಹೆಚ್ಚು ಸುಖ ಕಂಡವರಲ್ಲ. 1937ರಲ್ಲಿ ವಿವಾಹವಾಗಿ ಒಬ್ಬ ಮಗ, ಒಬ್ಬ ಮಗಳು ಜನಿಸಿದರು. ಹತ್ತು ವರ್ಷ ತುಂಬುವ ಮೊದಲೇ ದಂಪತಿಗಳು ಬೇರೆಯಾದರು. ಕೆಲವೇ ವರ್ಷಗಳಲ್ಲಿ ಪತ್ನಿ ಅಪಘಾತದಲ್ಲಿ ತೀರಿಕೊಂಡರು. ಮಕ್ಕಳ ಹೊಣೆ ತಂದೆಯ ಮೇಲೆಯೇ ಬಿತ್ತು.

ನಿವೃತ್ತಿಯ ಬಳಿಕ ಅವರ ಮನಸ್ಸಿಗೆ ಹತ್ತಿರವಾಗಿದ್ದುದು ತಮ್ಮಂತೆಯೇ ನಿವೃತ್ತರಾದ ಸಾಮಾನ್ಯ ಸಿಪಾಯಿಗಳ ಪಾಡು. ದಂಡನಾಯಕ ಐವತ್ತು ದಾಟಿದ ಮೇಲೆ ನಿವೃತ್ತನಾಗುತ್ತಾನೆ. ಜವಾನನಾದರೋ ಮೂವತ್ತೈದು ನಲವತ್ತರ ಒಳಗೇ ಟ್ರಂಕು ಹೊತ್ತು ಊರಿಗೆ ಮರಳುತ್ತಾನೆ. ಮಕ್ಕಳಿನ್ನೂ ಶಾಲೆಯಲ್ಲಿರುತ್ತಾರೆ. ಜಮೀನು ಅಣ್ಣತಮ್ಮಂದಿರಲ್ಲಿ ಹಂಚಿಹೋಗಿರುತ್ತದೆ. ಪಿಂಚಣಿಯೊಂದರಿಂದ ಸಂಸಾರ ಸಾಗುವುದಿಲ್ಲ. ಬಂದೂಕು ಹಿಡಿಯುವುದನ್ನು ಕಲಿತ ಕೈಗೆ ಊರಿನಲ್ಲಿ ತಕ್ಕ ಕೆಲಸವೂ ಇರುವುದಿಲ್ಲ. 1964ರಲ್ಲಿ ಕಾರ್ಯಪ್ಪನವರು ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್ ಎಂಬ ಮಾಜಿ ಸೈನಿಕರ ಸಂಘವನ್ನು ಸ್ಥಾಪಿಸಿದರು. ಚದುರಿಹೋದವರನ್ನು ಒಂದುಗೂಡಿಸಿ ಅವರ ಅಹವಾಲನ್ನು ಸರಕಾರಕ್ಕೆ ಮುಟ್ಟಿಸುವುದು ಅದರ ಉದ್ದೇಶ.

ಮರುವರ್ಷವೇ ಅವರ ಮಾತಿಗೂ ನಡತೆಗೂ ಕಠಿಣ ಪರೀಕ್ಷೆಯೊಂದು ಎದುರಾಯಿತು. ಮಗ ನಂದ ಕಾರ್ಯಪ್ಪನವರು ವಾಯುಸೇನೆಯಲ್ಲಿದ್ದರು. 1965ರ ಯುದ್ಧ ಮುಗಿಯುವ ಹೊತ್ತಿನಲ್ಲಿ, ಸೆಪ್ಟೆಂಬರ್ 22ರಂದು, ಅವರು ನಡೆಸುತ್ತಿದ್ದ ಹಂಟರ್ ವಿಮಾನವನ್ನು ಶತ್ರುಗಳು ಹೊಡೆದುರುಳಿಸಿದರು. ಗಾಯಗೊಂಡ ಅವರು ಪಾಕಿಸ್ತಾನದಲ್ಲಿ ಸೆರೆಯಾದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಅಯೂಬ್ ಖಾನ್. ಅವಿಭಜಿತ ಸೈನ್ಯದಲ್ಲಿ ಅವರು ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದರು. ಹಳೆಯ ಮೇಲಧಿಕಾರಿಯ ಮಗನೆಂದು ತಿಳಿದು, ಬೇಕಾದರೆ ಕೂಡಲೇ ಬಿಡುಗಡೆ ಮಾಡುವುದಾಗಿ ಹೇಳಿ ಕಳುಹಿಸಿದರು. ಕಾರ್ಯಪ್ಪನವರು ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತೀಯ ಸೈನಿಕರೆಲ್ಲರೂ ತಮ್ಮ ಮಕ್ಕಳೇ ಎಂದೂ, ತಮ್ಮ ಮಗನಿಗೆ ವಿಶೇಷವಾದ ಯಾವ ಸೌಲಭ್ಯವೂ ಬೇಡವೆಂದೂ ತಿಳಿಸಿದರು. ನಾಲ್ಕು ತಿಂಗಳ ನಂತರ, 1966ರ ಜನವರಿಯಲ್ಲಿ ನಂದ ಕಾರ್ಯಪ್ಪನವರು ತಾಯ್ನಾಡಿಗೆ ಮರಳಿದರು. ಮುಂದೆ ಏರ್ ಮಾರ್ಷಲ್ ಹುದ್ದೆಗೇರಿದರು.

ಆ ನಾಲ್ಕು ತಿಂಗಳನ್ನು ನಾವು ಒಂದು ವಾಕ್ಯದಲ್ಲಿ ಓದಿ ಮುಗಿಸುತ್ತೇವೆ. ಮಗನ ಮೈಯ ಗಾಯ ಎಂತಹದೆಂದು ಕಣ್ಣಾರೆ ಕಾಣದೆ ಅಷ್ಟು ದಿನ ಕಳೆದ ಒಬ್ಬ ತಂದೆಯ ಮನಸ್ಸನ್ನು ಊಹಿಸಿಕೊಳ್ಳಬೇಕು. ಆಗ ಅವರಿಗೆ ಹುದ್ದೆಯಿರಲಿಲ್ಲ, ಆಜ್ಞೆ ಮಾಡುವ ಮೇಲಧಿಕಾರಿಯೂ ಇರಲಿಲ್ಲ. ಮಗನನ್ನು ಕರೆಸಿಕೊಂಡಿದ್ದರೆ ತಪ್ಪೆನ್ನುವವರೂ ಹೆಚ್ಚಿರುತ್ತಿರಲಿಲ್ಲ. ಸೈನ್ಯ ಕಲಿಸಿದ ಸಮಾನತೆಯನ್ನು ಅವರು ಮನೆಯೊಳಗೂ ಪಾಲಿಸಿದರು. ಇದೇ ಕಾರ್ಯಪ್ಪನವರು 1965ರಲ್ಲಿಯೂ 1971ರಲ್ಲಿಯೂ, ಇಳಿವಯಸ್ಸನ್ನು ಲೆಕ್ಕಿಸದೆ, ಗಡಿಯ ಸೈನಿಕರ ಬಳಿಗೆ ಹೋಗಿ ಧೈರ್ಯ ಹೇಳಿ ಬಂದರು.

ನಾಗರಿಕ ಜೀವನದಲ್ಲಿ ಅವರಿಗೆ ಎಲ್ಲವೂ ಕೈಗೂಡಿತೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. 1971ರ ಲೋಕಸಭಾ ಚುನಾವಣೆಗೆ ಮುಂಬಯಿಯ ಕ್ಷೇತ್ರವೊಂದರಿಂದ ನಿಂತು ಸೋತರು. ಪಕ್ಷಗಳ ಕಚ್ಚಾಟದಿಂದ ಬೇಸತ್ತು, ದೇಶಕ್ಕೆ ಬಿಗಿಯಾದ ಆಡಳಿತ ಬೇಕೆಂಬ ಅರ್ಥದ ಅಭಿಪ್ರಾಯಗಳನ್ನು ಬಹಿರಂಗವಾಗಿ ಆಡಿದರು. ಸೈನ್ಯ ರಾಜಕೀಯದಿಂದ ದೂರವಿರಬೇಕೆಂದು ಕಲಿಸಿದವರ ಬಾಯಲ್ಲಿ ಇಂತಹ ಮಾತು ಬಂದದ್ದು ಹಲವರಿಗೆ ಹಿಡಿಸಲಿಲ್ಲ. ಪಲ್ಟಣದಲ್ಲಿ ಒಂದು ಆಜ್ಞೆಗೆ ಸಾವಿರ ಕಾಲು ಒಟ್ಟಿಗೆ ಏಳುತ್ತವೆ. ಪ್ರಜಾಪ್ರಭುತ್ವದಲ್ಲಿ ನಾಲ್ಕು ಜನರನ್ನು ಒಪ್ಪಿಸಲು ನಲವತ್ತು ದಿನ ಬೇಕಾಗುತ್ತದೆ. ಆ ನಿಧಾನಕ್ಕೆ ಹೊಂದಿಕೊಳ್ಳುವುದು ಅವರಂತಹ ಹಿರಿಯರಿಗೂ ಕಷ್ಟವಾಯಿತೆಂದ ಮೇಲೆ, ಹದಿನೈದು ವರ್ಷ ದುಡಿದು ಊರಿಗೆ ಬಂದ ಸಿಪಾಯಿ ಪಂಚಾಯತಿಯ ಸಭೆಯಲ್ಲಿ ತಾಳ್ಮೆಗೆಟ್ಟರೆ ನಾವು ನಗಬಾರದು.

1986ರಲ್ಲಿ ರಾಷ್ಟ್ರ ಅವರನ್ನು ಮತ್ತೆ ನೆನೆಯಿತು. ಆ ವರ್ಷದ ಏಪ್ರಿಲ್ 28ರಂದು ರಾಷ್ಟ್ರಪತಿ ಭವನದಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನಿತ್ತು ಗೌರವಿಸಲಾಯಿತು. 1973ರಲ್ಲಿ ಮಾಣೆಕ್ ಶಾ ಅವರಿಗೆ ಸಂದಿದ್ದ ಈ ಗೌರವವನ್ನು ಪಡೆದ ಎರಡನೆಯವರು ಕಾರ್ಯಪ್ಪನವರು. ಆಗ ಅವರಿಗೆ 87 ವರ್ಷ. ಫೀಲ್ಡ್ ಮಾರ್ಷಲರಿಗೆ ನಿವೃತ್ತಿಯೆಂಬುದಿಲ್ಲ. ಕೊನೆಯುಸಿರಿನ ತನಕ ಅವರು ಸೇವೆಯಲ್ಲಿರುವವರೆಂದೇ ಗಣನೆ. ಹೀಗೆ 33 ವರ್ಷಗಳ ಹಿಂದೆ ಬಿಟ್ಟುಬಂದ ಸೇನೆಗೆ ಕಾರ್ಯಪ್ಪನವರು ಮರಳಿ ಸೇರಿದಂತಾಯಿತು.

1993ರ ಮೇ 15ರಂದು ಬೆಂಗಳೂರಿನಲ್ಲಿ, ತಮ್ಮ 94ನೆಯ ವಯಸ್ಸಿನಲ್ಲಿ, ಅವರು ಇಹಲೋಕವನ್ನು ತ್ಯಜಿಸಿದರು. ಎರಡು ದಿನಗಳ ನಂತರ ಮಡಿಕೇರಿಯಲ್ಲಿ ಅಂತ್ಯಸಂಸ್ಕಾರ ನಡೆಯಿತು. ಮೂರೂ ಸೇನೆಗಳ ಮುಖ್ಯಸ್ಥರೂ ಮಾಣೆಕ್ ಶಾ ಅವರೂ ಅಲ್ಲಿದ್ದರು. ಮಗ ನಂದ ಕಾರ್ಯಪ್ಪನವರು ಚಿತೆಗೆ ಅಗ್ನಿಸ್ಪರ್ಶ ಮಾಡಿದರು. ಇಂದು ಮಡಿಕೇರಿಯ ಕಾಲೇಜು ಅವರ ಹೆಸರನ್ನು ಹೊತ್ತಿದೆ. ದೆಹಲಿಯಲ್ಲಿ ಸೇನಾ ದಿನದ ಕವಾಯತು ನಡೆಯುತ್ತಿದ್ದ ಮೈದಾನಕ್ಕೂ ಅವರದೇ ಹೆಸರು. 2023ರಲ್ಲಿ ಆ ಕವಾಯತು ಮೊದಲ ಬಾರಿಗೆ ದೆಹಲಿಯಿಂದ ಹೊರಗೆ, ನಮ್ಮ ಬೆಂಗಳೂರಿನಲ್ಲಿ ಜರುಗಿತು.

ಕಾಸರಗೋಡಿನ ವಾಚಕರು ಸುಳ್ಯ ದಾಟಿ ಸಂಪಾಜೆ ಘಾಟಿಯನ್ನೇರಿದರೆ ಮಡಿಕೇರಿ ಸಿಗುತ್ತದೆ. ಜೀರಹಳ್ಳಿಯ ನಾವು ಚಾಮರಾಜನಗರ, ಮೈಸೂರುಗಳನ್ನು ಹಾದು ಹೋಗಬೇಕು. ದಾರಿ ಬೇರೆಯಾದರೂ ಎರಡೂ ಕಡೆಯ ಕನ್ನಡದ ಮನೆಗಳಲ್ಲಿ ಹತ್ತನೆಯದೋ ಹನ್ನೆರಡನೆಯದೋ ಮುಗಿಸಿದ ಹುಡುಗರ ಮುಂದಿರುವ ಯೋಚನೆ ಒಂದೇ. ರಾಜ್ಯಸರಕಾರದ ಕೆಲಸಕ್ಕೆ ಇನ್ನೊಂದು ಭಾಷೆ ಅಡ್ಡ ಬರುತ್ತದೆ. ಸೈನ್ಯದ ಭರ್ತಿಯಲ್ಲಿ ಓಟವೂ ಎದೆಯಳತೆಯೂ ಎಲ್ಲರಿಗೂ ಸಮ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರಿದವರ ಅವಧಿ ನಾಲ್ಕು ವರ್ಷ. ಅವರಲ್ಲಿ ಕಾಯಂ ಆಗಿ ಉಳಿಯುವವರು ನೂರಕ್ಕೆ ಇಪ್ಪತ್ತೈದರಷ್ಟು ಎಂದು ಯೋಜನೆಯಲ್ಲಿ ಗೊತ್ತುಪಡಿಸಿದರು. ಉಳಿದವರು ಇಪ್ಪತ್ತೈದರ ಆಸುಪಾಸಿನಲ್ಲಿಯೇ ಮನೆಗೆ ಬರುವವರು.

ಆದುದರಿಂದ ಮಗನನ್ನು ಭರ್ತಿಗೆ ಕಳುಹಿಸುವ ತಂದೆತಾಯಿಗಳು ಸೇರುವ ದಿನದಷ್ಟೇ ಮರಳುವ ದಿನವನ್ನೂ ಯೋಚಿಸಬೇಕು. ಅಲ್ಲಿರುವಾಗಲೇ ಓದನ್ನು ಮುಂದುವರಿಸುವಂತೆ, ಒಂದು ಕಸುಬನ್ನು ಕಲಿಯುವಂತೆ ಹೇಳಬೇಕು. ಬಂದ ಮೇಲೆ ಜಿಲ್ಲಾ ಸೈನಿಕ ಕಲ್ಯಾಣ ಕಛೇರಿಗೆ ಹೋಗಿ ಹೆಸರು ಬರೆಸಲು ಸಂಕೋಚಪಡಬಾರದು. ಅರ್ಜಿ ಬೇರೆ ಭಾಷೆಯಲ್ಲಿದ್ದರೆ ಊರಿನ ಓದಿದವರು ತುಂಬಿಕೊಡಬೇಕು. ಅಷ್ಟು ಸೇವೆ ನಮ್ಮಂತಹ ಮೇಷ್ಟರುಗಳ ಪಾಲಿಗೆ ಸೇರಿದ್ದು. ಕಾರ್ಯಪ್ಪನವರಿಗೆ ಪದವಿಯಿತ್ತು, ಕೀರ್ತಿಯಿತ್ತು. ಆದರೂ ಅವರು ನಿವೃತ್ತಿಯ ನಂತರ ಮಾಡಿದ ಕೆಲಸ ಪದವಿಯಿಲ್ಲದ ಸೈನಿಕನನ್ನು ನೆನೆದೇ ಮಾಡಿದ್ದು. ಬರುವ ಜನವರಿ 15ರಂದು ನಮ್ಮ ಶಾಲೆಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಹಾಕುವಾಗ, ಊರಿನ ಮಾಜಿ ಸೈನಿಕರೊಬ್ಬರನ್ನು ಕರೆದು ಮಕ್ಕಳ ಮುಂದೆ ಕುಳ್ಳಿರಿಸಿದರೆ ಆ ಹಾರಕ್ಕೆ ಬೆಲೆ ಬರುತ್ತದೆ.