ಮಾರ್ಕೊ ಪಂತಾನಿ: ಒಂದು ಆರೋಪದ ತೂಕ

ಇಟಲಿಯ ಆಡ್ರಿಯಾಟಿಕ್ ಕಡಲತಡಿಯ ಚೆಸೆನಾಟಿಕೊ ಪಟ್ಟಣದಲ್ಲಿ ಬೆಳೆದ ಮಾರ್ಕೊ ಪಂತಾನಿ ಬೆಟ್ಟದ ದಾರಿಗಳಲ್ಲಿ ಎಣೆಯಿಲ್ಲದ ಸೈಕಲ್ ಪಟುವಾಗಿದ್ದನು. 1970ರಲ್ಲಿ ಹುಟ್ಟಿದ ಆತ 1998ರಲ್ಲಿ ಜಿರೊ ದ ಇಟಾಲಿಯ ಮತ್ತು ಟೂರ್ ಡಿ ಫ್ರಾನ್ಸ್ ಸ್ಪರ್ಧೆಗಳೆರಡನ್ನೂ ಗೆದ್ದು ನಾಡಿನ ಕಣ್ಮಣಿಯಾದನು. ತಲೆಗೆ ವಸ್ತ್ರ ಬಿಗಿದುಕೊಳ್ಳುತ್ತಿದ್ದ ಆತನನ್ನು ಜನರು ಪ್ರೀತಿಯಿಂದ ಕಡಲ್ಗಳ್ಳನೆಂದು ಕರೆಯುತ್ತಿದ್ದರು.

ಮರುವರ್ಷದ ಜೂನ್ 5ರ ಮುಂಜಾನೆ ಎಲ್ಲವೂ ಉರುಳಿತು. ಜಿರೊದ ಕೊನೆಯ ಎರಡು ಹಂತಗಳಷ್ಟೇ ಉಳಿದಿದ್ದವು, ಪಂತಾನಿಯೇ ಮುಂದಿದ್ದನು. ಮದೊನ್ನ ದಿ ಕಾಂಪಿಲ್ಯೊ ಎಂಬಲ್ಲಿ ನಡೆದ ರಕ್ತಪರೀಕ್ಷೆಯಲ್ಲಿ ಕೆಂಪುಕಣಗಳ ಪ್ರಮಾಣ ಶೇ. 52 ಇತ್ತು. ಮಿತಿ ಶೇ. 50. ಆತನನ್ನು ಕೂಡಲೇ ಹೊರಗಿಡಲಾಯಿತು. ಎರಿಥ್ರೊಪೊಯೆಟಿನ್ ಎಂಬ ಮದ್ದು ಕೆಂಪುಕಣಗಳನ್ನು ಹೆಚ್ಚಿಸಿ ದಣಿವನ್ನು ದೂರವಿಡುತ್ತದೆ. ಆದರೆ ಅದನ್ನೇ ಹಿಡಿಯಬಲ್ಲ ಪರೀಕ್ಷೆ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಆದುದರಿಂದ ಅಂದಿನ ಅಂಕಿಯು ಶಂಕೆಗೆ ಎಡೆಮಾಡಿತೇ ಹೊರತು ಅಪರಾಧವನ್ನು ಸಾಬೀತುಗೊಳಿಸಲಿಲ್ಲ. ನಿಯಮದ ಪ್ರಕಾರವೂ ಅದು ಆರೋಗ್ಯದ ದೃಷ್ಟಿಯಿಂದ 15 ದಿನಗಳ ವಿರಾಮ ಮಾತ್ರ. ಜಗತ್ತು ಅಷ್ಟರಲ್ಲೇ ತೀರ್ಪು ನೀಡಿಬಿಟ್ಟಿತ್ತು.

ನಮ್ಮನ್ನು ಹೆಚ್ಚು ಕಾಡುವುದು ಅದಕ್ಕಿಂತ ಹಳೆಯ ಅಂಕಿಯೊಂದು. 1995ರ ಅಕ್ಟೋಬರದಲ್ಲಿ ಮಿಲಾನೊ–ತೊರಿನೊ ಸ್ಪರ್ಧೆಯ ವೇಳೆ ಜೀಪಿಗೆ ಬಡಿದು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದಾಗ ಇದೇ ಪ್ರಮಾಣ ಶೇ. 60ನ್ನು ಮೀರಿತ್ತು. ಬೆವರಿ ಬಸವಳಿದ ದೇಹದಲ್ಲಿ ಅದು ತುಸು ಏರುವುದುಂಟು, ಇಷ್ಟಲ್ಲ. ಈ ಪ್ರಕರಣದಲ್ಲಿ 2000ದಲ್ಲಿ ಫೋರ್ಲಿಯ ನ್ಯಾಯಾಲಯ ಆತನನ್ನು ತಪ್ಪಿತಸ್ಥನೆಂದಿತು. ಮರುವರ್ಷ ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು. ಆ ಕೃತ್ಯ ಅಂದಿನ ಕಾನೂನಿನಲ್ಲಿ ಅಪರಾಧವಾಗಿರಲಿಲ್ಲ ಎಂಬುದೇ ಕಾರಣ. ರಕ್ತದ ಲೆಕ್ಕ ಸುಳ್ಳಾಯಿತೆಂದಲ್ಲ.

ಮೊದಲಿನ ಪಂತಾನಿ ಮತ್ತೆ ಮರಳಲಿಲ್ಲ. ಕೊಕೇನಿನ ಚಟಕ್ಕೆ ಬಿದ್ದ ಆತ 2004ರ ಫೆಬ್ರವರಿ 14ರಂದು ರಿಮಿನಿಯ ಹೋಟೆಲ್ ಕೋಣೆಯೊಂದರಲ್ಲಿ ಒಂಟಿಯಾಗಿ ಸತ್ತುಬಿದ್ದಿದ್ದನು. ಪ್ರಾಯ 34. ಚೆಸೆನಾಟಿಕೊದ ಇಗರ್ಜಿಯಲ್ಲಿ ನಡೆದ ಅಂತ್ಯಕ್ರಿಯೆಗೆ ಸಾವಿರಾರು ಮಂದಿ ನೆರೆದರು.

ಜೂಜುಕೋರರ ಕೂಟವು 1999ರ ಪರೀಕ್ಷೆಯಲ್ಲಿ ಕೈಯಾಡಿಸಿತೆಂಬ ದೂರು ಬಳಿಕ ತನಿಖೆಗೂ ಬಂತು. ಮಗನನ್ನು ಕಳೆದುಕೊಂಡ ತಾಯಿ ಅದನ್ನು ನಂಬಿದರೆ ನಾವು ದೂಷಿಸಲಾರೆವು. ಆದರೆ ಅದು ನಿಜವೇ ಆಗಿದ್ದರೂ 1995ರ ಅಂಕಿಗೆ ಉತ್ತರವಾಗದು. ಎಲ್ಲಕ್ಕಿಂತ ಭಾರವಾದ ಸಾಕ್ಷ್ಯ 2013ರ ಜುಲೈಯಲ್ಲಿ ಫ್ರಾನ್ಸಿನ ಸೆನೆಟ್ ವರದಿಯಲ್ಲಿ ಹೊರಬಂತು. 1998ರ ಟೂರ್ ವೇಳೆ ಸಂಗ್ರಹಿಸಿಟ್ಟ ಮೂತ್ರದ ಮಾದರಿಗಳನ್ನು 2004ರಲ್ಲಿ ಮತ್ತೆ ಪರೀಕ್ಷಿಸಿದಾಗ ಪಂತಾನಿಯ ಮಾದರಿಯಲ್ಲಿ ಆ ಮದ್ದು ಪತ್ತೆಯಾಗಿತ್ತು. ಪರೀಕ್ಷೆ ನಡೆದುದು ಸಂಶೋಧನೆಗಾಗಿ, ಶಿಕ್ಷೆಗಾಗಿ ಅಲ್ಲ. ಆ ವರ್ಷದ ಎರಡೂ ಗೆಲುವುಗಳು ದಾಖಲೆಯಲ್ಲಿ ಆತನ ಹೆಸರಿನಲ್ಲೇ ಉಳಿದವು.